ಲೋಟದ ಸಾಹೇಬರು

ಬಸ್ಸು ಹತ್ತುವ ಜನ ಕೈಯಲ್ಲಿ ಏನೇನನ್ನೋ ಹಿಡಿದು ಹತ್ತುತ್ತಾರೆ. ಗಂಟುಮೂಟೆ, ಮಗು, ಕೊಡೆ, ಕಾಲು ಕಟ್ಟಿದ ಕೋಳಿ. ಒಬ್ಬರಂತೂ ಗೋಡೆ ಗಡಿಯಾರವನ್ನು ಕೂಸಿನಂತೆ ಎದೆಗವಚಿಕೊಂಡು ಹತ್ತಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಕಂಠದವರೆಗೆ ನೀರು ತುಂಬಿದ, ಮುಚ್ಚಳವಿಲ್ಲದ ಹಿತ್ತಾಳೆಯ ಲೋಟವೊಂದನ್ನು ಹಿಡಿದು ಹತ್ತಿ, ಎಲ್ಲರೂ ಬೇಡವೆನ್ನುವ ಕಟ್ಟಕಡೆಯ ಸಾಲಿನಲ್ಲಿ ಹಿಂಚಕ್ರದ ನೆತ್ತಿಯ ಮೇಲೆಯೇ ಕೂತು, ಮೊಣಕಾಲ ಮೇಲೊಂದು ಸಣ್ಣ ಹಲಗೆ, ಹಲಗೆಯ ಮೇಲೆ ಆ ಲೋಟ ಇಟ್ಟುಕೊಂಡು, ಕೆಳಗಿನ ಪೇಟೆಯಿಂದ ಮೇಲಿನ ಪೇಟೆಯವರೆಗೆ ಅದರಿಂದ ಒಂದು ಗುಟುಕನ್ನೂ ಕುಡಿಯದೆ ಅದರ ಮುಖವನ್ನೇ ನೋಡುತ್ತ ಹೋದವರನ್ನು ನನ್ನ ಜನ್ಮದಲ್ಲಿ ಒಬ್ಬರನ್ನೇ ಕಂಡೆ. ಅವರು ರಸ್ತೆ ಇಂಜಿನಿಯರು. ನಮ್ಮ ಎರಡು ಪೇಟೆಗಳ ನಡುವಿನ ಹಳ್ಳಿಗಾಡಿನ ರಸ್ತೆಯನ್ನು ಸುಧಾರಿಸಬೇಕೋ ಬೇಡವೋ, ಸುಧಾರಿಸುವುದಾದರೆ ಎಲ್ಲಿ ಹೇಗೆ ಎಂದು ಯೋಜನೆ ಹಾಕಲು ಬಂದವರು. ಅವರಿಗೊಂದು ಹೆಸರಿತ್ತು, ಆದರೆ ಬಂದ ವಾರದೊಳಗೆ ಪೇಟೆಯ ಬಾಯಲ್ಲಿ ಅವರು ಲೋಟದ ಸಾಹೇಬರಾದರು. ಹೆಸರು ಅವರ ಕಾಗದಪತ್ರಗಳಲ್ಲಿ ಉಳಿಯಿತು.

ಲೋಟದ ಮರ್ಮವನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ. ರಸ್ತೆಯ ಕಷ್ಟವೇನೆಂದು ಪ್ರಯಾಣಿಕರನ್ನು ಕೇಳಿದರೆ ಒಬ್ಬರು ಹೆಚ್ಚು ಹೇಳುತ್ತಾರೆ, ಒಬ್ಬರು ಕಡಿಮೆ ಹೇಳುತ್ತಾರೆ, ಗುತ್ತಿಗೆದಾರರನ್ನು ಕೇಳಿದರಂತೂ ತಮಗೆ ಬೇಕಾದಷ್ಟು ಹೇಳುತ್ತಾರೆ. ನೀರಿಗೆ ಯಾರ ಮುಲಾಜೂ ಇಲ್ಲ ಎನ್ನುತ್ತಿದ್ದರು. ಎಲ್ಲಿ ನೀರು ಲೋಟದ ಅಂಚು ದಾಟಿ ಚೆಲ್ಲುತ್ತದೋ ಅಲ್ಲಿ ರಸ್ತೆ ಕೆಟ್ಟಿದೆ. ಚೆಲ್ಲಿದಾಗಲೆಲ್ಲ ಕಿಟಕಿಯಾಚೆ ನೋಡಿ ಗುರುತು ಹಿಡಿದುಕೊಂಡು, ತಮ್ಮ ಕರಿಯ ಕೋಟಿನ ಎಡತೋಳಿನ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಿದ್ದರಂತೆ. ಬೇರೆ ರಸ್ತೆಗಳಲ್ಲಿ ಇಳಿಯುವ ಹೊತ್ತಿಗೆ ತೋಳು ಬಿಳಿಚಿರುತ್ತಿತ್ತು, ತೊಡೆ ಒದ್ದೆಯಾಗಿರುತ್ತಿತ್ತು, ನೋಡಿದವರು ನಗು ತಡೆದುಕೊಳ್ಳಲು ಬೇರೆ ಕಡೆ ತಿರುಗುತ್ತಿದ್ದರು. ಇದನ್ನೂ ಅವರೇ ಹೇಳಿದ್ದು, ಮುಖದ ಗೆರೆಯೊಂದೂ ಅಲುಗದಂತೆ. ಲೋಟವನ್ನು ಕೈಯಲ್ಲೇ ಹಿಡಿದರೆ ಆಗುವುದಿಲ್ಲವೆ, ಹಲಗೆ ಯಾಕೆ ಎಂದು ನಮ್ಮ ಅತ್ತೆ ಕೇಳಿದ್ದಕ್ಕೆ, "ಕೈಯಲ್ಲಿ ಹಿಡಿದ್ರೆ ಕೈ ಸುಳ್ಳು ಹೇಳುತ್ತೆ ಅಮ್ಮ" ಎಂದಿದ್ದರು. ಬೀಳುವುದನ್ನು ತಡೆಯುವುದೇ ಕೈಯ ಸ್ವಭಾವವಲ್ಲವೆ.

ಆಳು ಕುಳ್ಳು, ತಲೆ ದೊಡ್ಡದು. ಬಿಸಿಲಿರಲಿ ಮಳೆಯಿರಲಿ ಅದೇ ಕೋಟು. ಅವರು ರಸ್ತೆಯ ನಡುವೆ ನಡೆದದ್ದನ್ನು ಯಾರೂ ನೋಡಿರಲಿಲ್ಲ. ಡಾಂಬರು ಮುಗಿದು ಮಣ್ಣು ಶುರುವಾಗುವ ಆ ಅಂಚಿನಲ್ಲೇ, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು, ಆಗಾಗ ಹಿಮ್ಮಡಿಯಿಂದ ಒತ್ತಿ ನೋಡುತ್ತ ನಡೆಯುತ್ತಿದ್ದುದರಿಂದ ದೂರಕ್ಕೆ ಕುಂಟುವಂತೆ ಕಾಣುತ್ತಿದ್ದರು. ರಸ್ತೆ ಸಾಯುವುದು ಅಂಚಿನಿಂದ, ನಡುವಿನಿಂದಲ್ಲ ಎಂದು ಅವರ ಮತ. ಅತ್ತೆ ಮೊದಲ ದಿನ ಕಿಟಕಿಯಿಂದ ಅವರ ನಡಿಗೆ ನೋಡಿ "ಪಾಪ, ಇಷ್ಟು ಓದಿದೋರಿಗೆ ಕಾಲೊಂದು ಸರಿಯಿಲ್ಲ" ಎಂದು ಮರುಗಿ, ಸಂಜೆ ಅವರು ನಮ್ಮ ನಡುಮನೆಯಲ್ಲಿ ನೆಟ್ಟಗೆ ನಡೆದದ್ದನ್ನು ಕಂಡು, ಮೋಸಹೋದವರಂತೆ ಮುಖ ಗಂಟಿಕ್ಕಿಕೊಂಡರು.

ನಮ್ಮ ಮನೆಗೆ ಅವರು ಬಂದದ್ದು ಬಾಡಿಗೆಗೆ. ಕೆಳಗಿನ ಪೇಟೆಯ ಬಸ್ ನಿಲ್ದಾಣದ ಬೆನ್ನಿಗೆ ನಮ್ಮ ಮನೆ. ಮುಂದಿನ ಕೋಣೆ ಖಾಲಿಯಿತ್ತು. ನಮ್ಮ ಯಜಮಾನರು ಅದೇ ಎರಡು ಪೇಟೆಗಳ ನಡುವೆ ಬಸ್ಸು ಓಡಿಸುತ್ತಿದ್ದ ಡ್ರೈವರು. ನಾನು ಮದುವೆಯಾಗಿ ಬಂದಾಗಿನಿಂದ ಅದೇ ರಸ್ತೆ, ಹೆಚ್ಚುಕಡಿಮೆ ಅದೇ ಬಸ್ಸು. ಹೀಗಾಗಿ ರಸ್ತೆಯನ್ನು ನೋಡಲು ಬಂದವರೂ ರಸ್ತೆಯನ್ನು ತಿಂದು ಜೀರ್ಣಿಸಿಕೊಂಡವರೂ ಒಂದೇ ಸೂರಿನಡಿ ಸೇರಿದಂತಾಯಿತು.

ಸಾಹೇಬರ ಮಾತಿನಲ್ಲೊಂದು ಚಾಳಿಯಿತ್ತು. ಯಾರು ಏನೇ ಹೇಳಲಿ, ತಲೆಯನ್ನು ಹಕ್ಕಿಯಂತೆ ಓರೆ ಮಾಡಿ "ಅಂದರೆ?" ಎನ್ನುವರು. ಮಳೆ ಬರುವ ಹಾಗಿದೆ ಎಂದರೆ, ಅಂದರೆ? ಊಟಕ್ಕೆ ಏಳಿ ಎಂದರೂ ಒಮ್ಮೊಮ್ಮೆ ಅಂದರೆ? ಕೊಂಕಲ್ಲ ಅದು, ಮಾತಿನ ಹಿಂದೆ ಇನ್ನೊಂದು ಮಾತು ಅಡಗಿದೆಯೇನೋ ಎಂದು ಬಾಗಿಲು ಸರಿಸಿ ನೋಡುವ ಕುತೂಹಲ. ಅತ್ತೆಗೆ ಒಂದು ಕಿವಿ ಮಂದ, ನಾಲಿಗೆ ಮಾತ್ರ ಎರಡಾಳಿನದು. ಅವರು ಇವರಿಗೆ 'ಅಂದರಪ್ಪ' ಎಂದು ಹೆಸರಿಟ್ಟು, ಅವರೆದುರಿಗೇ ಕರೆದರು. ಅದಕ್ಕೂ ಸಾಹೇಬರು "ಅಂದರೆ?" ಎಂದೇ ಕೇಳಿದರು.

ಬಂದ ಮೂರನೆಯದೋ ನಾಲ್ಕನೆಯದೋ ದಿನ ಅವರು ಕೇಳಿದ ಒಂದು ಪ್ರಶ್ನೆ ನನಗೆ ಇವತ್ತಿಗೂ ನಿನ್ನೆ ಕೇಳಿದಷ್ಟು ಹಸಿಯಾಗಿದೆ. ನಾನು ಪಡಸಾಲೆ ಗುಡಿಸುತ್ತಿದ್ದೆ. ಅವರು ನಮ್ಮ ಮುಂಬಾಗಿಲನ್ನು ತೆರೆಯುವುದು, ಹಾಕುವುದು, ಮತ್ತೆ ತೆರೆಯುವುದು ಮಾಡುತ್ತ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ಇಷ್ಟು ಹಳೇ ಬಾಗಿಲು ಯಾಕೆ ಸದ್ದು ಮಾಡಲ್ಲ?" ಎಂದರು.

ಬಾಗಿಲು ಕಿರುಗುಟ್ಟಿದರೆ ಯಾಕೆಂದು ಕೇಳುವವರನ್ನು ಕಂಡಿದ್ದೇನೆ. ಕಿರುಗುಟ್ಟದ ಬಾಗಿಲಿಗೆ ಕಾರಣ ಕೇಳಿದವರು ಅವರೇ ಮೊದಲು. ಪ್ರತಿವಾರ ತಿರುಗಣಿಗೆ ಎಣ್ಣೆ ಬಿಡುತ್ತೇನೆ, ಯಜಮಾನರು ಒಂದು ಸರದಿಗೂ ಇನ್ನೊಂದು ಸರದಿಗೂ ನಡುವೆ ಹಗಲಲ್ಲಿ ಸ್ವಲ್ಪ ಕಣ್ಣು ಮುಚ್ಚುತ್ತಾರೆ, ಅವರಿಗೆ ನಿದ್ದೆ ಬೇಕು ಎಂದೆ. "ಅಂದರೆ?" ಎಂದರು. ನನ್ನ ಬಾಯಿ ತುದಿಗೆ ಬಂದ ಮಾತನ್ನು ಪೊರಕೆಯ ಜೊತೆ ಮೂಲೆಗೆ ಸರಿಸಿ, ಒಳಗೆ ಹೋದೆ.

ಮೂಲೆಗೆ ಸರಿಸಿದ ಮಾತು ಇದು. ನಮ್ಮವರ ಬೆನ್ನು ಹೋಗಿತ್ತು. ಬಸ್ಸಿನಿಂದ ಇಳಿದು ಮನೆಗೆ ಬರುವಷ್ಟು ದೂರ ಎದೆ ಸೆಟೆಸಿಕೊಂಡು ನಡೆದು ಬಂದು, ಬಾಗಿಲು ಹಾಕಿಕೊಂಡೊಡನೆ ನೆಲಕ್ಕೆ ಮಲಗಿಬಿಡುವರು. ಬಿಸಿನೀರಿನ ಶಾಖ ಕೊಟ್ಟು, ಎಣ್ಣೆ ಹಚ್ಚಿ, ನಾನು ಮೊಣಕೈಯಿಂದ ಒತ್ತಿದ ಮೇಲೆ ಮಗ್ಗುಲಿಗೆ ಹೊರಳುವರು. ಮೇಲಿನ ಪೇಟೆಯ ವೈದ್ಯರು ನೇರವಾಗಿ ಹೇಳಿದ್ದರು: ರಸ್ತೆ ಹೀಗೇ ಇದ್ದರೆ ಇನ್ನೊಂದೆರಡು ವರ್ಷ, ಆಮೇಲೆ ಈ ಬೆನ್ನು ಸೀಟಿನಲ್ಲಿ ಕೂರುವುದಿಲ್ಲ. ಡಿಪೋಗೆ ಗೊತ್ತಾದರೆ ಆ ಎರಡು ವರ್ಷವೂ ಇಲ್ಲ. ಕೂಡಲೇ ಸ್ಟೇರಿಂಗು ಬಿಡಿಸಿ ಟಿಕೆಟ್ ಕಿಂಡಿಯ ಹಿಂದೆ ಕೂರಿಸುತ್ತಾರೆ. ಬೇರೆಯವರಿಗೆ ಅದು ನೆರಳಿನ ಕೆಲಸ. ನಮ್ಮವರಿಗೆ ಅದು ಬದುಕಿರುವಾಗಲೇ ಗೋಡೆಯಲ್ಲಿ ಹೂತಂತೆ. "ಸಾಹೇಬರ ಕಿವಿಗೆ ಬೀಳಿಸಿದ್ಯೋ, ನನ್ನಾಣೆ" ಎಂದು ಬಾಯಿ ಕಟ್ಟಿಹಾಕಿದ್ದರು. ಉಳಿದಿದ್ದ ಆಸೆ ಒಂದೇ: ರಸ್ತೆಯೇ ಸರಿಯಾಗಬೇಕು. ಆ ಸಲದ ಹಣ ಒಂದೇ ರಸ್ತೆಗಂತೆ; ನಮ್ಮದು, ಇಲ್ಲವೆ ಹೊಳೆಯಾಚೆಯದು. ಯಾವುದೆಂದು ಲೋಟ ಹೇಳಬೇಕಿತ್ತು.

ಸಾಹೇಬರ ನಕ್ಷೆ ಹಾಳೆಯಲ್ಲ, ಸುರುಳಿ. ಬಿಚ್ಚಿದರೆ ಕೆಳಗಿನ ಪೇಟೆ ಅವರ ಕೋಣೆಯ ಕಿಟಕಿಯ ಬುಡದಲ್ಲಿ, ಮೇಲಿನ ಪೇಟೆ ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ. ಕಪ್ಪು ಗೆರೆ ಇದ್ದ ರಸ್ತೆ; ಎಲ್ಲಿ ಅಗಲ ಮಾಡಬೇಕು, ಎಲ್ಲಿ ಎತ್ತರಿಸಬೇಕು, ಎಲ್ಲಿ ಹೊಸ ಮೋರಿ ಕಟ್ಟಬೇಕು ಎಂಬುದೆಲ್ಲ ಕೆಂಪು ಪೆನ್ಸಿಲಿನದು. ಕೆಂಪು ಬೀಳುವುದು ಲೋಟ ಸಾಕ್ಷಿ ಹೇಳಿದ ಮೇಲೆ. ಸುರುಳಿ ಮತ್ತೆ ಸುತ್ತಿಕೊಳ್ಳದಂತೆ ಅದರ ಮೇಲೆ ನಮ್ಮ ಇಸ್ತ್ರಿಪೆಟ್ಟಿಗೆ, ಕುಟ್ಟುವ ಕಲ್ಲು, ಕೊನೆಗೆ ಅತ್ತೆಯ ಚಪ್ಪಲಿಯೂ ಏರಿದವು. ಮನೆಯ ಹೆಂಗಸರಾದ ನಾವಿಬ್ಬರೂ ದಿನವಿಡೀ ಬೆಟ್ಟಗುಡ್ಡಗಳನ್ನು ದಾಟಿಕೊಂಡೇ ಓಡಾಡಿದೆವು.

"ನನ್ನ ಚಪ್ಪಲಿ ಯಾವ ಊರ ಮೇಲಿದೆಯಪ್ಪ?" ಎಂದು ಅತ್ತೆ ಕೇಳಿದರು.

"ಹಳ್ಳದ ಸೇತುವೆ ಮೇಲೆ, ಅಮ್ಮ."

"ಹಾಗಾದ್ರೆ ಅಲ್ಲೇ ಇರ್ಲಿ. ಸೇತುವೆಗೆ ಸ್ವಲ್ಪ ಬಲ ಬರುತ್ತೆ."

ಸಾಹೇಬರು ನಕ್ಕದ್ದನ್ನು ಆವತ್ತೇ ಮೊದಲು ಕಂಡೆ. ಶಬ್ದವಿಲ್ಲದೆ, ಭುಜ ಮಾತ್ರ ಕುಣಿಯುವ ನಗು. ಅತ್ತೆ ಅಲ್ಲಿಗೇ ಬಿಡದೆ, ತುಂಬಿದ ಕೊಡ ತುಳುಕುವುದಿಲ್ಲ ಎಂದು ದೊಡ್ಡವರು ಹೇಳಿದ್ದಾರೆ, ನೀವು ಅದನ್ನು ತುಂಬಿಸಿಕೊಂಡು ಹೋದರೆ ಚೆಲ್ಲುವುದಾದರೂ ಹೇಗೆ ಎಂದು ಕೇಳಿದರು. "ಆ ದೊಡ್ಡೋರು ಬಸ್ಸು ಹತ್ತಿರಲಿಲ್ಲ, ಬಿಡಿ" ಎಂದರು ಸಾಹೇಬರು.

ಒಂದು ಸಂಗತಿ ಮಾತ್ರ ಎಲ್ಲರಿಗೂ ವಿಚಿತ್ರವಾಗಿ ಕಂಡಿತ್ತು. ರಸ್ತೆಗಳ ನಡುವೆ ತಲೆ ನರೆಸಿಕೊಂಡ ಈ ಮನುಷ್ಯರಿಗೆ ಯಾವ ವಾಹನವನ್ನೂ ಓಡಿಸಲು ಬಾರದು, ಸೈಕಲ್ಲು ಕೂಡ. ಬೇಕೆಂದೇ ಕಲಿಯಲಿಲ್ಲವಂತೆ. ಓಡಿಸುವವನಿಗೆ ಅಭ್ಯಾಸವಾಗಿಬಿಡುತ್ತದೆ, ಅಭ್ಯಾಸವಾದವನಿಗೆ ರಸ್ತೆಯ ತಪ್ಪು ಕಾಣುವುದಿಲ್ಲ, ಕೂತು ಕುಲುಕಿಸಿಕೊಂಡವನಿಗೇ ಅದರ ನಿಜ ಗೊತ್ತು ಎಂದು ವಾದಿಸುತ್ತಿದ್ದರು. ಮಾತು ಸರಿಯೆಂದೇ ತೋರುತ್ತಿತ್ತು. ಅವರು ಎಡವಿದ್ದೂ ಅಲ್ಲಿಯೇ.

ಲೋಟ ಮೊದಲ ಸಲ ನಮ್ಮವರ ಬಸ್ಸು ಹತ್ತಿದ ದಿನದ ಕಥೆಯನ್ನು ಕಂಡಕ್ಟರು ಹೇಳಬೇಕು, ನಾವು ಕೇಳಬೇಕು. ಪ್ರಯಾಣಿಕರನ್ನು ಸದಾ ಮುಂದೆ ಮುಂದೆ ತಳ್ಳುತ್ತಿದ್ದುದರಿಂದ ಅವನನ್ನು ಎಲ್ಲರೂ 'ಮುಂದೆಹೋಗಿ' ಎಂದೇ ಕರೆಯುತ್ತಿದ್ದರು. ನನ್ನನ್ನು ಅತ್ತಿಗೆ ಎನ್ನುತ್ತಿದ್ದ. ಅವನು ಹೇಳಿದಂತೆ, ಸಾಹೇಬರು ಹಲಗೆಯ ಮೇಲೆ ಲೋಟ ಇಟ್ಟುಕೊಂಡು ಕೂತದ್ದನ್ನು ನಮ್ಮವರು ಕನ್ನಡಿಯಲ್ಲಿ ನೋಡಿದರು. ನೋಡಿ ಮೀಸೆ ಸವರಿಕೊಂಡರು. ಹಳ್ಳದ ಇಳಿಜಾರು ಬಂತು, ಗುಂಡಿಗಳ ಸಾಲು ಬಂತು, ಕಲ್ಲೆದ್ದ ಏರು ಬಂತು; ಬಸ್ಸು ಕೊಳದಲ್ಲಿ ಬಾತುಕೋಳಿ ಹೋದಂತೆ ಹೋಯಿತು. ಅರ್ಧ ದಾರಿಗೆ ಜನಕ್ಕೆ ವಿಷಯ ತಿಳಿದು ಎಲ್ಲರೂ ಹಿಂದಕ್ಕೆ ತಿರುಗಿ ಲೋಟವನ್ನೇ ನೋಡತೊಡಗಿದರು. ಕೆಮ್ಮು ಬಂದವರು ಕೆಮ್ಮನ್ನು ನುಂಗಿದರು. ಅಳುವ ಮಗುವಿನ ಬಾಯಿಗೆ ಅದರ ಅಜ್ಜಿ ಕೈ ಅಡ್ಡ ಹಿಡಿದಳು. ಮೇಲಿನ ಪೇಟೆ ಮುಟ್ಟಿದಾಗ ಒಂದು ಹನಿಯೂ ಅಂಚು ದಾಟಿರಲಿಲ್ಲ, ಕೋಟಿನ ತೋಳು ಅಚ್ಚ ಕಪ್ಪಾಗಿತ್ತು, ಬಸ್ಸಿನ ತುಂಬ ಚಪ್ಪಾಳೆ.

"ಅಣ್ಣನ ಕೈ ಅಂದ್ರೆ ಕೈ, ಅತ್ತಿಗೆ. ಸಾಹೇಬ್ರು ಮುಖ ಒಣಗಿಸ್ಕೊಂಡು ಇಳಿದ್ರು" ಎಂದು ಮುಂದೆಹೋಗಿ ಎದೆ ತಟ್ಟಿಕೊಂಡ.

ಪೇಟೆಗೆ ಪೇಟೆಯೇ ಹಿಗ್ಗಿತು. ಕ್ಷೌರದಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ಅದೇ ಮಾತು: ನಮ್ಮ ಡ್ರೈವರು ಒಂದು ಹನಿ ಚೆಲ್ಲಿಸಲಿಲ್ಲ. ರಸ್ತೆ ಬೇಕು ಬೇಕು ಎಂದು ವರ್ಷಗಟ್ಟಲೆ ಅರ್ಜಿ ಬರೆದ ಜನವೇ, ರಸ್ತೆ ನೋಡಲು ಬಂದವರ ಮುಂದೆ ರಸ್ತೆಯ ಮಾನ ಕಾಪಾಡಿದ್ದಕ್ಕೆ ಹಬ್ಬ ಮಾಡಿತು. ಮನೆಗೆ ನೆಂಟರು ಬಂದಾಗ ಹರಿದ ಚಾಪೆಯ ಮೇಲೆ ಒಳ್ಳೆಯ ಜಮಖಾನ ಹಾಸುವ ಬುದ್ಧಿ ಅದು. ನೆಂಟರು ಬಂದದ್ದೇ ಹೊಸ ಚಾಪೆ ಕೊಡಿಸಲು ಎಂಬುದು ಯಾರಿಗೂ ನೆನಪಾಗಲಿಲ್ಲ. ಸಾಹೇಬರು ಮತ್ತೆ ಮತ್ತೆ ಹತ್ತಿದರು. ಬೆಳಿಗ್ಗೆ ಹತ್ತಿದರು, ಮಧ್ಯಾಹ್ನ ಹತ್ತಿದರು, ಮಳೆ ಬಿದ್ದ ಮಾರನೆಯ ದಿನ ಹತ್ತಿದರು. ಆ ರಸ್ತೆಯ ಬಸ್ಸೆಂದರೆ ನಮ್ಮವರದೊಂದೇ. ಅಂಚಿನಲ್ಲಿ ನಡೆಯುವಾಗ ಅವರ ಕಣ್ಣಿಗೆ ಗುಂಡಿಗಳು ಕಾಣುತ್ತಿದ್ದವು, ಹಿಮ್ಮಡಿಗೆ ಪೊಳ್ಳು ತಿಳಿಯುತ್ತಿತ್ತು, ಆದರೆ ಲೋಟ ಇಲ್ಲವೆನ್ನುತ್ತಿತ್ತು. ಕಣ್ಣನ್ನು ನಂಬಬೇಕೋ ಲೋಟವನ್ನು ನಂಬಬೇಕೋ ಎಂದು ನಕ್ಷೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕೆಂಪು ಪೆನ್ಸಿಲಿನ ಹಿಂಬದಿಯನ್ನು ಕಚ್ಚುತ್ತಿದ್ದರು.

ಕೊನೆಗೊಂದು ದಿನ ಊಟಕ್ಕೆ ಕೂತಾಗ ತೀರ್ಮಾನ ಹೇಳಿದರು. ಯಾವ ರಸ್ತೆಯಲ್ಲೂ ಲೋಟ ತಮಗೆ ತಪ್ಪು ಹೇಳಿಲ್ಲ, ಇಲ್ಲಿಯೂ ಅದರ ಮಾತೇ ಮಾತು. ಗುಂಡಿ ಮುಚ್ಚಿದರೆ ಸಾಕು, ದೊಡ್ಡ ಹಣವೆಲ್ಲ ಹೊಳೆಯಾಚೆಯ ರಸ್ತೆಗೆ ಹೋಗಲಿ ಎಂದು ಬರೆದಿದ್ದೇನೆ, ನಾಳೆ ಮೇಲಿನ ಪೇಟೆಯಲ್ಲಿ ದೊಡ್ಡ ಸಾಹೇಬರ ಸಭೆ ಎಂದರು. ನಮ್ಮವರ ಕೈ ತುತ್ತಿನ ಜೊತೆ ಬಾಯಿಯ ಹತ್ತಿರವೇ ನಿಂತಿತು. ಆಮೇಲೆ "ಒಳ್ಳೇದಾಯ್ತು ಸಾರ್" ಎಂದು ತುತ್ತನ್ನು ನುಂಗಿದರು.

ಅವರ ಬೆನ್ನಿಗೆ ಶಾಖ ಕೊಡುವಾಗ ನನಗೆ ತಡೆಯಲಾಗಲಿಲ್ಲ. ಒಂದು ಹನಿ, ಒಂದೇ ಒಂದು ಹನಿ ಚೆಲ್ಲಿಸಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಕೇಳಿದೆ.

ಮಲಗಿದ್ದವರು ಗೋಡೆಯ ಕಡೆ ಮುಖ ತಿರುಗಿಸಿದರು.

"ಚೆಲ್ಲಿಸ್ಬೇಕು ಅಂತಾನೇ ಹೋದೆ ಕಣೇ, ನಿನ್ನೆ. ಗುಂಡಿ ಬರೋದು ನೋಡ್ದೆ, ಬರ್ಲಿ ಬಿಡು ಅಂದ್ಕೊಂಡೆ. ಕೈ ಕೇಳಲಿಲ್ಲ."

ಅದು ಜಂಬವಲ್ಲವೆಂದು ಆ ಧ್ವನಿಯಿಂದಲೇ ಗೊತ್ತಾಯಿತು. ಲೋಟ ಇರಲಿ ಬಿಡಲಿ ಅವರು ಓಡಿಸುತ್ತಿದ್ದುದೇ ಹಾಗೆ. ಬಸ್ಸಿನಲ್ಲಿ ಒಬ್ಬಳು ಬಸುರಿ, ಒಬ್ಬ ಮುದುಕ, ಒಂದು ಬುಟ್ಟಿ ಮೊಟ್ಟೆ ಇಲ್ಲದ ದಿನ ಯಾವುದು?

ಮಾರನೆಯ ಬೆಳಿಗ್ಗೆ ನಾನೂ ಅದೇ ಬಸ್ಸಿನಲ್ಲಿ ಹೊರಟೆ. ಎಣ್ಣೆ ತೀರಿತ್ತು, ವೈದ್ಯರ ಬಳಿ ತರಬೇಕಿತ್ತು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂಬುದೂ ನಿಜ. ಸಾಹೇಬರು ಬಂದರು, ಒಂದು ಕಂಕುಳಲ್ಲಿ ನಕ್ಷೆಯ ಸುರುಳಿ, ಇನ್ನೊಂದು ಕೈಯಲ್ಲಿ ಅಭ್ಯಾಸಬಲದ ಲೋಟ. ಸುರುಳಿ ಆಳುದ್ದವಿತ್ತು. ಹಿಂದಿನ ಸಾಲಿಗೆ ಒಯ್ಯುವ ಹಾಗಿಲ್ಲ, ಜನರ ಕಣ್ಣಿಗೆ ತಾಗುತ್ತದೆ. ಮುಂದೆಹೋಗಿ ಅದನ್ನು ಎಂಜಿನ್ನಿನ ಪಕ್ಕ ನಿಲ್ಲಿಸಿ, ಹಿಡಿದುಕೊಳ್ಳಲು ಸಾಹೇಬರನ್ನೂ ಅಲ್ಲಿಯೇ ಅಡ್ಡ ಸೀಟಿನಲ್ಲಿ ಕೂರಿಸಿದ. ಆ ಸೀಟಿನಲ್ಲಿ ಕೂತವರಿಗೆ ರಸ್ತೆ ಕಾಣುವುದಿಲ್ಲ. ಎದುರಿಗೆ ಡ್ರೈವರು ಕಾಣುತ್ತಾನೆ, ಅಷ್ಟೆ.

ನಾನು ಸಾಹೇಬರ ಹಿಂದಿನ ಸೀಟಿನಲ್ಲಿದ್ದೆ. ಅವರು ಮೊದಲು ಮೊಣಕಾಲ ಹಲಗೆಯ ಮೇಲಿನ ಲೋಟವನ್ನು ನೋಡುತ್ತಿದ್ದರು. ಹಳ್ಳದ ಇಳಿಜಾರಿನಲ್ಲಿ ಒಮ್ಮೆ ತಲೆಯೆತ್ತಿದವರು ಮತ್ತೆ ತಗ್ಗಿಸಲಿಲ್ಲ. ಗುಂಡಿ ಬರುವ ಮೊದಲೇ ನಮ್ಮವರ ಎರಡೂ ಕಾಲು ಬಿಗಿಯುತ್ತಿದ್ದವು. ಸೀಟಿನಿಂದ ಕೂದಲೆಳೆಯಷ್ಟು ಮೇಲೇಳುತ್ತಿದ್ದರು. ಸ್ಟೇರಿಂಗು ಮಗುವಿನ ತಲೆ ಸವರಿದಂತೆ ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ. ಬ್ರೇಕನ್ನು ಒತ್ತುತ್ತಿರಲಿಲ್ಲ, ಕೇಳಿಕೊಳ್ಳುತ್ತಿದ್ದರು. ಚಕ್ರ ಇಳಿದು ಏರುವ ಆ ಕ್ಷಣದಲ್ಲಿ ಇಡೀ ಬಸ್ಸಿನ ಕುಲುಕು ಅವರ ಸೊಂಟಕ್ಕೆ ಬಂದು ನಿಲ್ಲುತ್ತಿತ್ತು. ತುಟಿ ಕಚ್ಚಿದ ಜಾಗದಲ್ಲಿ ಬಿಳಿಯ ಗುರುತು. ತಂಪು ಹೊತ್ತು, ಆದರೆ ಕಿವಿಯ ಹಿಂದಿನಿಂದ ಬೆವರು ಸಾಲಾಗಿ ಇಳಿದು ಅಂಗಿಯ ಬೆನ್ನು ಮೈಗೆ ಅಂಟಿತ್ತು. ಲೋಟದ ನೀರು ಮಾತ್ರ ಕನ್ನಡಿ.

ಸಾಹೇಬರು "ಅಂದರೆ?" ಎನ್ನಲಿಲ್ಲ. ದಾರಿಯುದ್ದಕ್ಕೂ ಒಂದು ಸಲವೂ ಎನ್ನಲಿಲ್ಲ.

ಮೇಲಿನ ಪೇಟೆಯಲ್ಲಿ ಎಲ್ಲರೂ ಇಳಿದ ಮೇಲೆ ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಒಂದೇ ಮಾತು ಕೇಳಿದರು: "ಬೆನ್ನಾ?"

ನನ್ನ ಬಾಯಿಗೆ ಆಣೆಯಿತ್ತು. ನಾನು ಕೈಯಲ್ಲಿದ್ದ ಖಾಲಿ ಎಣ್ಣೆ ಬಾಟಲಿಯನ್ನು ನೋಡಿದೆ. ಅವರೂ ಅದನ್ನೇ ನೋಡಿದರು.

"ಸರಿ. ನೀವು ಏನೂ ಹೇಳ್ಲಿಲ್ಲ" ಎಂದು ಹೊರಟುಹೋದರು. ಆವತ್ತು ಅವರು ರಸ್ತೆಯ ನಟ್ಟನಡುವೆ ನಡೆದರು.

ಸಭೆಯಲ್ಲಿ ನಡೆದದ್ದನ್ನು ಸುರುಳಿ ಹೊತ್ತುಕೊಂಡು ಒಳಗೆ ಹೋಗಿದ್ದ ಮುಂದೆಹೋಗಿ ಬಾಗಿಲ ಮರೆಯಿಂದ ಕೇಳಿಸಿಕೊಂಡು ಬಂದ. ಸಾಹೇಬರು ತಾವು ಬರೆದದ್ದು ತಪ್ಪೆಂದು ಎದ್ದು ನಿಂತು ಹೇಳಿದರಂತೆ. ದೊಡ್ಡ ಸಾಹೇಬರಿಗೆ ನಗು. ಇಷ್ಟು ವರ್ಷ ಎಲ್ಲರ ಮಾತನ್ನೂ ಆ ಲೋಟದಿಂದ ಅಳೆದು ತಳ್ಳಿಹಾಕಿದವರು, ಈಗ ಲೋಟವನ್ನೇ ತಳ್ಳಿಹಾಕುತ್ತೀರಾ ಎಂದು ಕೆಣಕಿದರಂತೆ. ಅದಕ್ಕೆ ಇವರು, "ಕೈ ಸುಳ್ಳು ಹೇಳುತ್ತೆ ಅಂತ ನಾನೇ ಹೇಳ್ತಿದ್ದೆ ಸಾರ್. ಯಾರ ಕೈ ಅಂತ ನೋಡ್ಲಿಲ್ಲ" ಎಂದರಂತೆ. ಬೆನ್ನಿನ ಸುದ್ದಿ ಎತ್ತಲಿಲ್ಲ. ಡ್ರೈವರ್ ಬಹಳ ನಿಪುಣ, ಲೋಟ ಅವರನ್ನು ಅಳೆಯಿತು, ರಸ್ತೆಯನ್ನಲ್ಲ, ಬೇಕಾದರೆ ತಾವೇ ಬಂದು ನೋಡಿ ಎಂದಷ್ಟೇ.

ವಾಪಸು ಹೊರಡುವ ಹೊತ್ತಿಗೆ ಡಿಪೋದವರು ನಮ್ಮವರನ್ನು ಇಳಿಸಿ, ಬದಲಿ ಡ್ರೈವರನ್ನು ಹತ್ತಿಸಿದರು. ಹೊಸಬ, ಪೇಟೆಯೊಳಗಿನ ಬಸ್ಸು ಓಡಿಸಿ ಅಭ್ಯಾಸ, ಈ ರಸ್ತೆಯ ಮುಖ ಕಂಡವನಲ್ಲ. ನಮ್ಮವರ ಮುಖ ಬೂದಿಯಾಯಿತು. ನನ್ನ ಕಡೆ ನೋಡಿದ ಆ ನೋಟ ನನಗಿನ್ನೂ ಚುಚ್ಚುತ್ತದೆ. ಆಣೆ ಮುರಿದೆಯಾ ಎಂಬ ನೋಟ. ಇಲ್ಲವೆಂದು ತಲೆಯಾಡಿಸಿದೆ. ನಂಬಿದರೋ ಬಿಟ್ಟರೋ, ಹಿಂದಿನ ಸಾಲಿಗೆ ಹೋಗಿ ಕೂತರು. ಸಾಹೇಬರು ಅವರ ಪಕ್ಕದಲ್ಲಿ ಕೂತರು. ದೊಡ್ಡ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮುಂದಿನ ಸೀಟಿನಲ್ಲಿ ಕೂತು, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಲೋಟವನ್ನು ಅದರ ಮೇಲೆ ಇರಿಸಿಕೊಂಡರು.

ಬದಲಿ ಡ್ರೈವರು ಕೆಟ್ಟವನೇನಲ್ಲ. ಎಲ್ಲರೂ ಓಡಿಸುವ ಹಾಗೆ ಓಡಿಸಿದ. ಮೊದಲ ಗುಂಡಿಗೇ ನೀರಿನ ಒಂದು ನಾಲಿಗೆ ಹೊರಬಂದು ದೊಡ್ಡ ಸಾಹೇಬರ ಎದೆ ನೆಕ್ಕಿತು. ಹಿಂದೆ ನಮ್ಮವರು ಸೀಟಿನ ಕಂಬಿ ಹಿಡಿದು, "ಎಡಕ್ಕೆ, ತಮ್ಮಾ, ಎಡಕ್ಕೆ" ಎಂದು ಏಳಲು ಹೋದರು. ಸಾಹೇಬರು ಅವರ ತೋಳಿನ ಮೇಲೆ ಕೈಯಿಟ್ಟು ಕೂರಿಸಿದರು.

"ಸುಮ್ನಿರಿ. ನೀವು ಸುಮ್ನಿರೋದೇ ಇವತ್ತಿನ ಕೆಲಸ."

ಇಪ್ಪತ್ತು ಸಲವಾದರೂ ಏಳಲು ಹೋಗಿರಬೇಕು. ಪ್ರತಿ ಸಲವೂ ಆ ಕೈ. ನಮ್ಮವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಗುಂಡಿಗಳ ಸಾಲು ದಾಟುವ ಹೊತ್ತಿಗೆ ದೊಡ್ಡ ಸಾಹೇಬರ ಅಂಗಿ ಮೈಗಂಟಿ, ಲೋಟ ಹಲಗೆ ಬಿಟ್ಟು ಹಾರಿ, ಯಾರದೋ ಮೂಟೆಯ ಮೇಲೆ ಬಿದ್ದು ಉರುಳಿತು. ಅದನ್ನು ಹೆಕ್ಕಿಕೊಟ್ಟ ಮುದುಕಿಯೊಬ್ಬಳು, "ಕುಡಿಯೋದಿದ್ರೆ ಬಸ್ಸು ಹತ್ತೋ ಮೊದಲೇ ಕುಡೀಬೇಕಪ್ಪ" ಎಂದು ಬುದ್ಧಿ ಹೇಳಿದಳು. ಕೆಳಗಿನ ಪೇಟೆಯಲ್ಲಿ ಇಳಿದ ದೊಡ್ಡ ಸಾಹೇಬರು ಖಾಲಿ ಲೋಟವನ್ನು ಬೋರಲು ಮಾಡಿ ನೋಡಿ, "ಪೂರ್ತಿ ಅಂದಾಜು ಹಾಕ್ರೀ" ಎಂದರು. ಆ ಸಂಜೆ ನಮ್ಮ ನಡುಮನೆಯಲ್ಲಿ ಕೆಂಪು ಪೆನ್ಸಿಲು ಕಿಟಕಿಯಿಂದ ಹೊಸ್ತಿಲವರೆಗೆ ನಡೆಯಿತು. ಅತ್ತೆಯ ಚಪ್ಪಲಿ ಸೇತುವೆಯ ಮೇಲೆಯೇ ಇತ್ತು. ಮರುದಿನ ಸ್ಟೇರಿಂಗು ನಮ್ಮವರ ಕೈಗೆ ಬಂದಾಗ ಅದಕ್ಕೆ ಯಾರೂ ಕಾರಣ ಹೇಳಲಿಲ್ಲ, ಅವರೂ ಕೇಳಲಿಲ್ಲ.

ರಸ್ತೆಯೇನು ಮಂತ್ರಕ್ಕೆ ಉದುರಲಿಲ್ಲ. ಜಲ್ಲಿ ಬಂತು, ರೋಲರು ಬಂತು, ಧೂಳು ತಿಂದೆವು, ಜಗಳಗಳಾದವು. ಆ ಹೊತ್ತಿಗೆ ಸಾಹೇಬರಿಗೆ ಬೇರೆ ಕಡೆ ವರ್ಗವಾಗಿತ್ತು. ಕೆಲಸ ಮುಗಿದ ಮೇಲೆ ಒಂದು ದಿನ, ಕರೆಯದೆ ಹೇಳದೆ, ಅದೇ ಕೋಟು ಅದೇ ಲೋಟದ ಜೊತೆ ಬಂದಿಳಿದರು. ಅತ್ತೆ "ಬಾರಪ್ಪ ಅಂದರಪ್ಪ" ಎಂದು ಬಾಗಿಲಲ್ಲಿ ನಿಂತರು. ಆವತ್ತು ನಾವೆಲ್ಲರೂ ಬಸ್ಸು ಹತ್ತಿದೆವು, ಅತ್ತೆ ಕೂಡ.

ಸಾಹೇಬರು ತಮ್ಮ ಹಳೆಯ ಜಾಗದಲ್ಲಿ, ಹಿಂಚಕ್ರದ ನೆತ್ತಿಯಲ್ಲಿ ಕೂತರು. ನೀರು ಅಲುಗಲಿಲ್ಲ. ಹಳ್ಳ ಬಂದದ್ದು ಗೊತ್ತಾಗಲಿಲ್ಲ, ಏರು ಮುಗಿದದ್ದು ಗೊತ್ತಾಗಲಿಲ್ಲ. ಮುಂದೆಹೋಗಿ ಏನೋ ತಮಾಷೆ ಮಾಡಿದ; ನಮ್ಮವರು ಸ್ಟೇರಿಂಗಿನ ಮೇಲೆ ಒಂದೇ ಕೈಯಿಟ್ಟು, ಇನ್ನೊಂದನ್ನು ಕಿಟಕಿಯ ಮೇಲೆ ಚಾಚಿ, ತಲೆ ಹಿಂದಕ್ಕೆ ಹಾಕಿ ನಕ್ಕರು. ಆ ಸೀಟಿನಲ್ಲಿ ಅವರು ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಗುತ್ತಲೇ ತಿರುವನ್ನು ಸ್ವಲ್ಪ ವೇಗವಾಗಿ ತೆಗೆದುಕೊಂಡರು. ಹಿಂದೆ ಸಾಹೇಬರ ಲೋಟ ವಾಲಿ, ಅರ್ಧ ನೀರು ಅವರ ತೊಡೆಗೆ ಸುರಿಯಿತು.

ಬಸ್ಸು ನಿಂತ ಮೇಲೆ ನಮ್ಮವರು ಅವಮಾನದಿಂದ ಕುಗ್ಗಿಹೋಗಿ, ತಪ್ಪಾಯಿತು ಸಾರ್, ಇಷ್ಟು ವರ್ಷದಲ್ಲಿ ಮೊದಲ ಸಲ, ಹೊಸ ರಸ್ತೆಯಲ್ಲೇ ಹೀಗಾಯಿತಲ್ಲ ಎಂದು ಕೈ ಹಿಸುಕಿಕೊಂಡರು. ಸಾಹೇಬರು ಒದ್ದೆಯಾದ ಪ್ಯಾಂಟನ್ನು ನೋಡಿಕೊಂಡರು. ಭುಜ ಕುಣಿಯತೊಡಗಿತು.

"ಅಂದರೆ," ಎಂದರು, ಈ ಸಲ ಪ್ರಶ್ನೆಯಾಗಿ ಅಲ್ಲ, "ಆರಾಮಾಗಿದೀರಿ."

ಉಳಿದ ಅರ್ಧ ಲೋಟವನ್ನು ಎತ್ತಿ ಕುಡಿದುಬಿಟ್ಟರು. ಆ ಲೋಟದಿಂದ ಅವರು ನೀರು ಕುಡಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೋಟಿನ ತೋಳಿನ ಮೇಲೆ ಗೀಟು ಎಳೆಯಲಿಲ್ಲ.

ನಮ್ಮವರು ನಿವೃತ್ತಿಯ ದಿನದವರೆಗೂ ಅದೇ ಸೀಟಿನಲ್ಲಿ ಕೂತರು. ಈಗ ಅವರಿಲ್ಲ, ಅತ್ತೆಯಿಲ್ಲ. ಸಾಹೇಬರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಓದು ಬರಹ ಹೆಚ್ಚಿಲ್ಲದ ನನಗೆ ಮನುಷ್ಯರನ್ನು ಬಗೆ ವಿಂಗಡಿಸಿ ನೋಡುವ ಜ್ಞಾನವಿಲ್ಲ. ಆದರೂ ಇಷ್ಟು ವರ್ಷ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಬಂದುಹೋಗುವವರನ್ನು ಕಂಡವಳಾಗಿ ಒಂದು ಮಾತು ಹೇಳಬಲ್ಲೆ. ಚೆಲ್ಲಿದ್ದನ್ನು ಕಂಡು ಯಾರು ಚೆಲ್ಲಿದ್ದೆಂದು ಕೇಳುವವರಿಗೆ ಲೋಕದಲ್ಲಿ ಬರವಿಲ್ಲ. ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಚೆಲ್ಲದೆ ಉಳಿದದ್ದನ್ನು ಕಂಡು, ಹಾಗಾದರೆ ಇದರ ಕುಲುಕನ್ನು ಯಾರ ಮೈ ತಿನ್ನುತ್ತಿದೆ ಎಂದು ಹುಡುಕುವವರು ಅಪರೂಪ. ಅಂಥವರೂ ತಪ್ಪುತ್ತಾರೆ, ಎಲ್ಲರಿಗಿಂತ ತಡವಾಗಿ ತಿಳಿದುಕೊಳ್ಳುತ್ತಾರೆ, ತಿಳಿದ ಮೇಲೆ ತಾವು ನಂಬಿದ್ದ ಲೋಟವನ್ನೇ ಕೆಳಗಿಟ್ಟು ಮುಖವೆತ್ತಿ ನೋಡುತ್ತಾರೆ. ಲೋಕದ ಸದ್ದು ಮಾಡದ ಬಾಗಿಲುಗಳೆಲ್ಲ ಅವರಿಗಾಗಿ ಕಾದಿರುತ್ತವೆ. ಮುಂಬಾಗಿಲ ತಿರುಗಣಿಗೆ ನಾನು ಈಗಲೂ ವಾರಕ್ಕೊಮ್ಮೆ ಎಣ್ಣೆ ಬಿಡುತ್ತೇನೆ. ಬಂದವರು ತಳ್ಳುತ್ತಾರೆ, ಅದು ತೆರೆದುಕೊಳ್ಳುತ್ತದೆ, ಒಳಗೆ ಬರುತ್ತಾರೆ.